ಖಾಲಿ ಕಾರಿನ ಭೀಮಣ್ಣ

ಬೆಳಗಿನ ಐದೂಮುಕ್ಕಾಲು. ಕಣಕಟ್ಟೆಯ ತೆಂಗಿನ ತೋಟಗಳ ಮೇಲಿಂದ ಮಂಜು ಇನ್ನೂ ಎದ್ದಿಲ್ಲ. ಭೀಮರಾಜ್ ಸ್ಟೂಲಿನ ಮೇಲೆ ನಿಂತು, ಬಿಳಿ ಕಾರಿನ ನೆತ್ತಿಯ ಮೇಲಿರುವ ಆರು ಕ್ಯಾಮೆರಾಗಳ ಗಾಜನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಕೈಯಲ್ಲಿರುವುದು ಹಳೆಯ ಪಂಚೆಯ ತುಂಡು. ಸಂಸ್ಥೆಯವರು ಕೊಟ್ಟ ಬಟ್ಟೆ ಡಿಕ್ಕಿಯಲ್ಲಿ ಹೊಸದಾಗಿಯೇ ಉಳಿದಿದೆ. ಅದು ಇಬ್ಬನಿ ಹೀರುವುದಿಲ್ಲ ಎಂಬುದು ಇವರ ತೀರ್ಮಾನ. ಆರನೆಯ ಕ್ಯಾಮೆರಾ ಒರೆಸಿ, ಸ್ಟೂಲನ್ನು ಒಳಗಿಟ್ಟು, ಮನೆಗೆ ಬೀಗ ಹಾಕಿ, ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಳ್ಳುತ್ತಾರೆ. ಆಮೇಲೆ ಕನ್ನಡಿಯ ಪಕ್ಕದಲ್ಲಿರುವ ಪುಟ್ಟ ಮೈಕಿಗೆ ಹೇಳುತ್ತಾರೆ:

“ಭೀಮರಾಜ್, ಕಣಕಟ್ಟೆ. ಐದೂ ಐವತ್ತು. ಮಂಜು ಜಾಸ್ತಿ ಐತೆ. ಹೊರಟೆ.”

ಉತ್ತರ ಬರುವುದಿಲ್ಲ. ಬರಬೇಕಾದದ್ದೂ ಇಲ್ಲ, ಅದು ಬರೀ ದಾಖಲೆ. ಆದರೂ ಅವರು ಒಂದು ಗಳಿಗೆ ಕಾಯುತ್ತಾರೆ. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಹಿಂದಿನಿಂದ “ರೈಟ್” ಅನ್ನುವ ದನಿ ಕೇಳದೆ ಗಾಡಿ ಎತ್ತುವುದು ಇವತ್ತಿಗೂ ಅವರಿಗೆ ಒಗ್ಗಿಲ್ಲ.

ಭೀಮರಾಜ್ ಅವರಿಗೆ ಈಗ ಐವತ್ತೊಂದು. ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಬಿಡಿಸಿ ಹೇಳುವ ಪಾಡೇಕೆಂದು “ಡ್ರೈವರ್ರು” ಅಂದುಬಿಡುತ್ತಾರೆ. ಅದು ಅರ್ಧ ನಿಜ. ತಾನೇ ಓಡುವ ಕಾರು ಮತ್ತು ಮನುಷ್ಯರು ಓಡಿಸುವ ವಾಹನಗಳು ಒಂದೇ ರಸ್ತೆಯಲ್ಲಿ ಹೇಗೆ ಬಾಳುವೆ ಮಾಡಿಯಾವು ಎಂದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಅಧ್ಯಯನ ನಡೆಸಿದೆ. ಕಂಪ್ಯೂಟರಿನೊಳಗಿನ ರಸ್ತೆಯಲ್ಲಿ ಎಮ್ಮೆ ಅಡ್ಡ ಬರುವುದಿಲ್ಲವಲ್ಲ, ಹಾಗಾಗಿ ನಿಜವಾದ ರಸ್ತೆಯ ಮಾಹಿತಿ ಬೇಕು. ಕಣಕಟ್ಟೆ, ಅರಸೀಕೆರೆ, ಹಳೇಬೀಡು, ಬೇಲೂರು, ಬಿಕ್ಕೋಡಿನ ಮಾಹಿತಿಯನ್ನು ತರುವವರು ಇವರೊಬ್ಬರೇ. ವಾರದಲ್ಲಿ ಮೂರು ದಿನ ಇವರು ಓಡಿಸುತ್ತಾರೆ, ಕಾರು ನೋಡಿ ಕಲಿಯುತ್ತದೆ. ಇನ್ನು ಮೂರು ದಿನ, ಅನುಮತಿ ಇರುವ ನಾಲ್ಕು ತುಂಡು ರಸ್ತೆಗಳಲ್ಲಿ, ಕಾರು ತಾನೇ ಓಡುತ್ತದೆ. ಆಗ ಇವರು ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಗೇಣು ದೂರದಲ್ಲಿ ಹಿಡಿದುಕೊಂಡು ಕೂತಿರಬೇಕು. ಮೊದಲಿನದಕ್ಕೆ ಇವರಿಟ್ಟ ಹೆಸರು “ನನ್ ದಿನ”, ಎರಡನೆಯದಕ್ಕೆ “ಅದರ ದಿನ”.

“ನನ್ ದಿನ ಪರವಾಗಿಲ್ಲ, ಆರಾಮಾಗಿ ಬತ್ತೀನಿ. ಅದರ ದಿನ ಮೈಕೈಯೆಲ್ಲ ನೋವು ಕಣ್ರೀ,” ಅನ್ನುತ್ತಾರೆ ಭೀಮರಾಜ್. “ಬೇರೇರು ರೊಟ್ಟಿ ಬೇಯಿಸೋದ ನೋಡ್ತಾ ಕೂತಂಗೆ. ಸೀದೋಯ್ತದೆ ಅಂತ ಮೂಗಿಗೆ ಗೊತ್ತಾಯ್ತದೆ, ಆದ್ರೆ ಕೈ ಹಾಕಂಗಿಲ್ಲ.”

ಕೈ ಹಾಕಲೇಬೇಕಾಗಿ ಬಂದರೆ ಹಾಕಬಹುದು. ಆದರೆ ಹಾಕಿದ ಹತ್ತು ಸೆಕೆಂಡಿನೊಳಗೆ ಯಾಕೆಂದು ಮೈಕಿಗೆ ಹೇಳಬೇಕು. ದಿನಕ್ಕೆ ನೂರ ಎಂಬತ್ತು ಕಿಲೋಮೀಟರು, ಹತ್ತು ಗಂಟೆ, ಸರಾಸರಿ ಹದಿನಾಲ್ಕು ಸಲ ಕೈ. ಒಂದು ವರ್ಷ ಹತ್ತು ತಿಂಗಳಲ್ಲಿ ತೊಂಬತ್ತು ಸಾವಿರ ಕಿಲೋಮೀಟರು ಮುಗಿದಿದೆ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಿಂದ ಬಂದ ಮಾತೆಂದರೆ ಆ ಹದಿನಾಲ್ಕು ಕಾರಣಗಳು ಮಾತ್ರ.

ಅದರ ದಿನ ಅರಸೀಕೆರೆ ಪೇಟೆಯಲ್ಲಿ ಕಾರಿನ ಪಾಡು ನೋಡಬೇಕು. ಮುಂದಿನ ಗಾಡಿಗೂ ತನಗೂ ನಡುವೆ ಇಷ್ಟು ಜಾಗ ಬಿಡಬೇಕೆಂದು ಅದಕ್ಕೆ ಕಲಿಸಿದ್ದಾರೆ. ಜಾಗ ಕಂಡದ್ದೇ ತಡ, ಒಂದು ಆಟೊ ನುಗ್ಗುತ್ತದೆ. ಕಾರು ವಿನಯದಿಂದ ಹಿಂದುಳಿದು ಮತ್ತೆ ಜಾಗ ಬಿಡುತ್ತದೆ. ಅಲ್ಲಿಗೆ ತೆಂಗಿನಕಾಯಿ ತುಂಬಿದ ಲಗೇಜ್ ಗಾಡಿ. ಒಂದು ಬೆಳಗ್ಗೆ ಎರಡೇ ಕಿಲೋಮೀಟರಿನಲ್ಲಿ ಮೂವತ್ತೊಂದು ವಾಹನಗಳು ಹೀಗೆ ತೂರಿಕೊಂಡವು. “ಹಿಂಗೆ ಎಲ್ರಿಗೂ ಬಿಟ್ಕೊಡ್ತಾ ಇದ್ರೆ ಬೇಲೂರಿನ ಮಾತು ಅಂಗಿರ್ಲಿ, ಸಂಜೆವರ್ಗೂ ಬಸ್ ಸ್ಟ್ಯಾಂಡೇ ದಾಟಲ್ಲ,” ಎಂದು ಭೀಮರಾಜ್ ನಗುತ್ತಾರೆ. ಕೆಲವು ತಿಂಗಳಲ್ಲಿ ಆಟೊದವರು ಬಿಳಿ ಕಾರಿನ ಗುರುತು ಹಿಡಿದರು. ಮೆತ್ತಗಿದ್ದವನಿಗೆ ಮತ್ತೊಂದು ಗುದ್ದು ಅನ್ನುವ ಹಾಗೆ, ಬೇರೆ ಕಾರುಗಳ ಮುಂದೆ ನುಗ್ಗದವರೂ ಇದರ ಮುಂದೆ ನುಗ್ಗತೊಡಗಿದರು. ಯಂತ್ರದ ಎದುರು ಮನುಷ್ಯ ಬೇರೆಯೇ ಥರ ಓಡಿಸುತ್ತಾನೆ ಎಂಬುದು ಬೆಂಗಳೂರಿನವರಿಗೆ ದೊಡ್ಡ ಮಾಹಿತಿ. ಭೀಮರಾಜ್ ಅವರಿಗೆ ಅದು ಮೊದಲ ವಾರವೇ ಗೊತ್ತಿತ್ತು.

ಹಳೇಬೀಡಿನ ಕೆರೆಯ ತಿರುವಿನಲ್ಲಿ ಇನ್ನೊಂದು ಫಜೀತಿ. ಎದುರಿನ ಬಸ್ಸು ಒಮ್ಮೆ ಲೈಟು ಮಿನುಗಿಸಿದರೆ ನಮ್ಮ ಕಡೆ ಅರ್ಥ, “ನಾನು ಬರ್ತಿದೀನಿ, ನೀನು ನಿಲ್ಲು”. ಕಾರು ಓದಿರುವ ಪಾಠದಲ್ಲಿ ಅರ್ಥ, “ನೀನು ಮೊದಲು ಹೋಗು”. ಅದು ಹೊರಡುತ್ತದೆ. ಭೀಮರಾಜ್ ಕೈ ಹಾಕಿ ನಿಲ್ಲಿಸಿ ಮೈಕಿಗೆ ವಿವರಿಸುತ್ತಾರೆ. ಬಸ್ಸಿನವನು ಬೈದುಕೊಂಡು ಹೋಗುತ್ತಾನೆ.

ಆ ಬಸ್ಸಿನವರಲ್ಲಿ ಜವರಪ್ಪನೂ ಒಬ್ಬ. ಹನ್ನೆರಡು ವರ್ಷ ಒಂದೇ ಮಾಲೀಕನ ಎರಡು ಬಸ್ಸುಗಳನ್ನು ಓಡಿಸಿದ ಗೆಳೆಯರು ಇಬ್ಬರೂ. ಎದುರುಬದುರಾದಾಗಲೆಲ್ಲ ಒಬ್ಬರಿಗೊಬ್ಬರು ಕೈ ಎತ್ತುತ್ತಿದ್ದರು. ಈ ರಸ್ತೆಗಳಲ್ಲಿ ಡ್ರೈವರುಗಳ ಕ್ಷೇಮ ಸಮಾಚಾರವೆಲ್ಲ ಆ ಎತ್ತಿದ ಕೈಯಲ್ಲೇ ಮುಗಿಯುತ್ತದೆ. ಅದರ ದಿನ ಭೀಮರಾಜ್ ಕೈ ಎತ್ತುವಂತಿಲ್ಲ. ಎರಡೂ ಕೈ ಗೇಣು ದೂರದಲ್ಲೇ ಇರಬೇಕು, ಒಳಗಿನ ಕ್ಯಾಮೆರಾ ನೋಡುತ್ತಿರುತ್ತದೆ. ಜವರಪ್ಪ ಒಂದು ತಿಂಗಳು ಎತ್ತಿದ. ಆಮೇಲೆ ನಿಲ್ಲಿಸಿದ.

“ಅವನ್ದೇನ್ ತಪ್ಪು? ಕೈ ಎತ್ತದೋನಿಗೆ ಎಷ್ಟ್ ದಿನ ಅಂತ ಕೈ ಎತ್ತಾನು?” ಎಂದು ಕೇಳುತ್ತಾರೆ. ‘ನನ್ ದಿನ’ಗಳಲ್ಲಿ ಇವರು ಎತ್ತುತ್ತಾರೆ. ಯಾವುದು ಯಾರ ದಿನ ಎಂದು ಜವರಪ್ಪನಿಗೆ ಹೇಗೆ ತಿಳಿಯಬೇಕು?

ಬಸ್ಸೇ ಭೀಮರಾಜ್ ಅವರ ಸಂಸಾರವಾಗಿತ್ತು. ಮದುವೆಯಾಗಲಿಲ್ಲ. “ಎರಡ್ ಕಡೆ ಹೆಣ್ಣು ನೋಡೋಕ್ ಹೊರಟಿದ್ದೆ, ಎರಡ್ ಸಲಾನೂ ಡ್ಯೂಟಿ ಬಿತ್ತು. ಮೂರನೇ ಸಲ ಯಾರೂ ಕರೀಲಿಲ್ಲ,” ಎಂದು ಬೇರೆಯವರ ಕಥೆ ಹೇಳಿದ ಹಾಗೆ ಹೇಳುತ್ತಾರೆ. ಆದರೆ ಅರಸೀಕೆರೆಯಿಂದ ಬೇಲೂರಿಗೆ ಒಂದು ಟ್ರಿಪ್ಪಿಗೆ ಅರವತ್ತು ಜನ. ಯಾರ ಮಗಳು ಹೆತ್ತಳು, ಯಾರ ಹಸು ಕರು ಹಾಕಿತು, ಎಲ್ಲವೂ ಬಾನೆಟ್ಟಿನ ಮೇಲೆ ಕೂತವರಿಂದ ತಿಳಿಯುತ್ತಿತ್ತು. ಮಾಲೀಕ ಬಸ್ಸನ್ನು ಮಾರಿದ. ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ ಈ ಕಾರು ಬಂತು. ಇದರಲ್ಲಿ ನಾಲ್ಕು ಸೀಟು ಖಾಲಿ. ಯಾರನ್ನೂ ಹತ್ತಿಸಿಕೊಳ್ಳಬಾರದೆಂಬುದು ಕಟ್ಟುನಿಟ್ಟಿನ ನಿಯಮ.

ಕೈ ಅಡ್ಡ ಹಾಕಿದವರನ್ನು ಬಿಟ್ಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಸಣ್ಣ ಅಪರಾಧವಲ್ಲ. ಬಿಕ್ಕೋಡಿನ ಹತ್ತಿರ ಎಸ್ಟೇಟಿಗೆ ಹೊರಟ ಹೆಂಗಸರು, ಶಾಲೆಯ ಮೇಷ್ಟ್ರು, ಕಾಲು ಎಳೆದುಕೊಂಡು ಆಸ್ಪತ್ರೆಗೆ ಹೊರಟ ಮುದುಕ, ಎಲ್ಲರೂ ಕೈ ಅಡ್ಡ ಹಾಕುತ್ತಾರೆ. ಬಿಳಿ ಕಾರು ಹೋಗಿಬಿಡುತ್ತದೆ. ಹಾಗೆ ಬಂದ ಹೆಸರು ‘ಖಾಲಿ ಕಾರಿನ ಭೀಮಣ್ಣ’. ಹೆಸರು ಇಟ್ಟವರು ಕಣಕಟ್ಟೆ ರಸ್ತೆ ಬದಿಯ ಹೊಲದ ರುದ್ರಮ್ಮ. ಅರವತ್ತು ದಾಟಿದ, ಬಾಯಿಗೆ ಬೀಗವಿಲ್ಲದ ಹೆಂಗಸು.

“ಏನೋ ಭೀಮಣ್ಣ, ಆ ನಾಕು ಸೀಟು ನಿಮ್ಮನೆ ದೇವ್ರಿಗೆ ಮೀಸಲೇನೋ?” ಎಂದು ಒಂದು ದಿನ ಕೂಗಿ ಕೇಳಿದರು.

“ರೂಲ್ಸು ಕಣಕ್ಕ,” ಅಂದರು ಇವರು.

“ರೂಲ್ಸಿಗೆ ಕಾಲ್ ನೋಯಲ್ವೇನೋ?”

ಇಲ್ಲಿಂದ ಮುಂದಿನದು ರುದ್ರಮ್ಮನ ಹುರುಳಿಯ ವಿಷಯ. ಮಾಗಿ ಬಂತೆಂದರೆ ಕಣಕಟ್ಟೆ ಸುತ್ತಿನ ಟಾರು ರಸ್ತೆಗಳೇ ಕಣ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾಯ್ದು ಕಾಳು ಉದುರಿಸಿಕೊಟ್ಟು ಹೋಗುತ್ತವೆ. ಪೊಲೀಸರು ಬೇಡವೆನ್ನುತ್ತಾರೆ, ಜನ ಹೂಂ ಅಂದು ಮತ್ತೆ ಹರವುತ್ತಾರೆ. ಗಿಡದ ಮೇಲೆ ಚಕ್ರ ಹತ್ತಿಸದೆ ಪಕ್ಕಕ್ಕೆ ಎಳೆದುಕೊಂಡು ಹೋಗುವ ಡ್ರೈವರನ್ನು ಇಲ್ಲಿ ದೊಡ್ಡಸ್ತಿಕೆಯವನು ಅನ್ನುತ್ತಾರೆ. ಭೀಮರಾಜ್ ಅಂಥವರಲ್ಲ. ಹೋದ ಮಾಗಿಯಲ್ಲಿ, ಎಲ್ಲ ದಿನಗಳೂ ‘ನನ್ ದಿನ’ಗಳೇ ಆಗಿದ್ದಾಗ, ರುದ್ರಮ್ಮ ಕೂಗಿದರೆ ಹಿಂದಕ್ಕೂ ಮುಂದಕ್ಕೂ ಎರಡೆರಡು ಸಲ ಓಡಾಡಿಸಿ ಕೊಟ್ಟರು. ಯಾರನ್ನೂ ಹತ್ತಿಸಿಕೊಳ್ಳಲಾಗದ ಕಾರಿನಿಂದ ಊರಿಗೆ ಮಾಡಬಹುದಾದ ಉಪಕಾರ ಅದೊಂದೇ ಆಗಿತ್ತು.

ಬೆಂಗಳೂರಿನಿಂದ ಫೋನು ಬಂತು. ಇವರು ಕಳಿಸುವ ಮಾಹಿತಿಯನ್ನು ನೋಡುವ ಎಂಜಿನಿಯರ್ ಹೇಮಾಶ್ರೀ.

“ಸರ್, ರಸ್ತೆ ಮೇಲೆ ಏನೋ ಬಿದ್ದಿದೆ. ನೀವು ಅದರ ಮೇಲೆ ಹೋಗಿದೀರ, ರಿವರ್ಸ್ ಬಂದಿದೀರ, ಮತ್ತೆ ಹೋಗಿದೀರ. ಹುಷಾರಾಗಿದೀರ ತಾನೆ?”

“ಹುಷಾರಾಗಿದೀನಿ ಮೇಡಂ. ಅದು ಒಕ್ಕಣೆ.”

ವಿವರಿಸಿದರು. ಆ ಹುಡುಗಿ ನಕ್ಕು ನಕ್ಕು ಸಾಕಾಗಿ, ಹೊಸದೊಂದು ಗುರುತು ಮಾಡಿದಳು: ‘ಒಕ್ಕಣೆ, ದಾಟಬಹುದು’. ಆ ಚಳಿಗಾಲ ಕಣಕಟ್ಟೆ ರಸ್ತೆಯಲ್ಲಿ ಭೀಮರಾಜ್ ಹುರುಳಿಯ ಮೇಲೆ ಹಾಯ್ದದ್ದು ಇನ್ನೂರ ಹದಿನಾಲ್ಕು ಸಲ. ಅಷ್ಟೂ ಸಲದ ಚಿತ್ರ ನೋಡಿ ಕಾರು ಕಲಿಯಿತು. ಇಡೀ ಅಧ್ಯಯನದಲ್ಲಿ ಒಕ್ಕಣೆಯ ಮಾಹಿತಿ ಇದ್ದದ್ದು ಇವರದೊಂದೇ. ತಾವಾಡಿದ ಮಾತೊಂದು ಯಂತ್ರದ ತಲೆಗೆ ಹೋಯಿತೆಂದು ಇವರಿಗೆ ಬಹಳ ಹೆಮ್ಮೆಯಾಗಿತ್ತು. ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಮೈಕಿಗೇ ಹೇಳಿದರು: “ಒಕ್ಕಣೆ ಅನ್ನೋದು ನಾನ್ ಹೇಳ್ಕೊಟ್ಟಿದ್ದು.”

ಈ ಮಾಗಿಯ ಒಂದು ದಿನ. ಅದರ ದಿನ. ಹೊತ್ತು ಹನ್ನೊಂದು. ಕಣಕಟ್ಟೆ ರಸ್ತೆಯಲ್ಲಿ ಕಾರು ಮೂವತ್ತರ ವೇಗದಲ್ಲಿ ಓಡುತ್ತಿತ್ತು. ಮುಂದೆ ರುದ್ರಮ್ಮನ ಹುರುಳಿ ಹರವಿತ್ತು, ಮಧ್ಯದಲ್ಲಿ ಗಿಡ ಗುಪ್ಪೆಯಾಗಿತ್ತು. ಕಾರಿಗೆ ಗುರುತು ಸಿಕ್ಕಿತು, ವೇಗ ತಗ್ಗಿಸಲಿಲ್ಲ. ರುದ್ರಮ್ಮ ಕಾಣಲಿಲ್ಲ, ಊಟಕ್ಕೆ ಹೋಗಿರಬೇಕು ಅಂದುಕೊಂಡರು ಭೀಮರಾಜ್. ಅಷ್ಟರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕವೆಗೋಲು, ಗಿಡ ತಿರುವಿಹಾಕುವ ಕವಲು ಕೋಲು. ಅದು ಗಿಡದ ಮೇಲೆ ಅಡ್ಡಡ್ಡ ಮಲಗಿತ್ತು.

ಊಟಕ್ಕೆ ಹೋಗುವವರು ಕೋಲನ್ನು ಬೇಲಿಗೆ ಆನಿಸಿ ಹೋಗುತ್ತಾರೆ. ಚಕ್ರದಡಿ ಸಿಕ್ಕಿ ಮುರಿಯುವಲ್ಲಿ ಅದನ್ನು ಯಾರೂ ಬಿಡುವುದಿಲ್ಲ. ಕೋಲು ಬಿದ್ದಿದೆ ಎಂದರೆ ಹಿಡಿದ ಕೈಯೂ ಬಿದ್ದಿದೆ. ಇಷ್ಟನ್ನೂ ಅವರು ಯೋಚನೆ ಮಾಡಿ ಮಾಡಲಿಲ್ಲ. ಕೈ ಹೋಯಿತು, ಕಾಲು ಬ್ರೇಕನ್ನು ತುಳಿಯಿತು. ಕಾರು ನಿಂತದ್ದು ಗುಪ್ಪೆಗೆ ಎರಡು ಮಾರು ಈಚೆ.

ಗುಪ್ಪೆಯ ಆಚೆ ಬದಿಯಲ್ಲಿ, ಬಿಸಿಲಿಗೆಂದು ತಲೆಗೆ ಗೋಣಿತಾಟು ಹಾಕಿಕೊಂಡಿದ್ದ ರುದ್ರಮ್ಮ ಅರ್ಧ ಮೈ ಹುರುಳಿಯಲ್ಲಿ ಹೂತ ಹಾಗೆ ಬಿದ್ದಿದ್ದರು. ಸಕ್ಕರೆ ಕಾಯಿಲೆಯವರು, ಬೆಳಿಗ್ಗೆ ಮಾತ್ರೆ ನುಂಗಿ ಊಟ ಮುಂದೂಡಿದ್ದರು. ಹಾದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಭೀಮರಾಜ್ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತಮ್ಮ ಬುತ್ತಿಯ ಬೆಲ್ಲವನ್ನು ಬಾಯಿಗೆ ಹಾಕಿ, ತಾವೇ ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಆ ದಿನದ ಧ್ವನಿ ದಾಖಲೆಯಲ್ಲಿ ಎರಡು ಮಾತುಗಳಿವೆ. ಒಂದು, ಕೈ ಹಾಕಿದ್ದಕ್ಕೆ ಕಾರಣ: “ಕೋಲು ಮಲಗಿತ್ತು.” ಇನ್ನೊಂದು, ಉಸಿರು ಏರಿದ ದನಿಯಲ್ಲಿ: “ರುದ್ರಕ್ಕ ಹಿಂದಿನ ಸೀಟಲ್ಲವ್ಳೆ. ಹತ್ತಿಸ್ಕಂಡಿವ್ನಿ. ಕೆಲ್ಸದಿಂದ ತೆಗೆಯಂಗಿದ್ರೆ ತೆಗೀರಿ.”

ಸಂಜೆಯೊಳಗೆ ರುದ್ರಮ್ಮ ಎದ್ದು ಕೂತು ನರ್ಸಿಗೆ ಬುದ್ಧಿ ಹೇಳುತ್ತಿದ್ದರು. ಆದರೆ ಭೀಮರಾಜ್ ಅವರಿಗೆ ಮೂರು ದಿನ ಅನ್ನ ಸೇರಲಿಲ್ಲ. ಕಾರು ಯಾಕೆ ವೇಗ ತಗ್ಗಿಸಲಿಲ್ಲ ಎಂಬುದು ಅವರಿಗೆ ಸಂಶೋಧಕರು ಹೇಳದೆಯೇ ಗೊತ್ತಿತ್ತು. ಕಲಿಸಿದವರು ಅವರೇ. ಸಂಸ್ಥೆಯ ಪಟ್ಟಿಯಲ್ಲಿ ಕೈ ಹಾಕುವುದಕ್ಕೆ ಮನುಷ್ಯ, ಪ್ರಾಣಿ, ವಾಹನ, ವಸ್ತು ಎಂಬ ಕಾರಣಗಳಿದ್ದವು. ಕೋಲು ಮಲಗಿದ್ದು ಅದರಲ್ಲಿರಲಿಲ್ಲ. ‘ಇತರೆ’ಗೆ ಸೇರಿಸಿದ್ದರು. ನಾಲ್ಕನೆಯ ದಿನ ಹೇಮಾಶ್ರೀಗೆ ಇವರೇ ಫೋನು ಮಾಡಿದರು.

“ಮೇಡಂ, ಹೋದ್ ವರ್ಷದ್ದು ಇನ್ನೂರ ಹದಿನಾಕೂ ಅಳಿಸ್ಬಿಡಿ.”

“ಯಾಕ್ ಸರ್? ಅದು ಬೇರೆ ಯಾರ ಹತ್ರಾನೂ ಇಲ್ದೇ ಇರೋ ಡೇಟಾ. ಅದಿಲ್ಲ ಅಂದ್ರೆ ಕಣಕಟ್ಟೆ ರೋಡನ್ನೇ ಸ್ಟಡಿಯಿಂದ ಬಿಡ್ತಾರೆ. ನಿಮ್ಮ ಕೆಲಸಾನೂ ಹೋಗ್ಬಹುದು.”

“ಹೋಗ್ಲಿ. ನಾನ್ ಹುರುಳಿ ಮೇಲೆ ಚಕ್ರ ಹತ್ತಿಸಿದ್ದ ಅದು ನೋಡ್ತು. ಹತ್ತಿಸೋಕ್ ಮುಂಚೆ ನಾನೇನ್ ನೋಡ್ದೆ ಅನ್ನೋದು ಅದಕ್ ಕಾಣ್ಲಿಲ್ಲ ಮೇಡಂ. ಅರ್ಧ ಪಾಠ ಹೇಳ್ಕೊಟ್ಬಿಟ್ಟೆ.”

ಹೇಮಾಶ್ರೀ ಕೇಳಿದಳು, “ಹತ್ತಿಸೋಕೆ ಮುಂಚೆ ಏನ್ ನೋಡ್ತೀರ ಸರ್?”

ಹೇಳತೊಡಗಿದರು. ಕೋಲು ನಿಂತಿದೆಯೋ ಇಲ್ಲವೋ. ಹೆಂಗಸರು ಎಷ್ಟು ಜನ ಬಂದಿದ್ದರು, ಈಗ ಎಷ್ಟು ತಲೆ ಕಾಣುತ್ತಿವೆ. ಗಿಡ ಸಮನಾಗಿ ಹರವಿದೆಯೋ, ಒಂದು ಕಡೆ ಉಬ್ಬಿದೆಯೋ. ಬದಿಗೆ ನಿಂತವರು ‘ಬಾ’ ಎಂದು ಕೈ ಮಾಡಿದರೋ ಇಲ್ಲವೋ. ನಲವತ್ತು ನಿಮಿಷ ಹೇಳಿದರು. ಆ ವರ್ಷ ಅವರು ಒಬ್ಬರೊಂದಿಗೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಫೋನು ಇಟ್ಟಾಗ ಗಂಟಲು ಕಟ್ಟಿತ್ತು ಎಂದು ನಾಚಿಕೊಂಡು ಹೇಳುತ್ತಾರೆ.

ತೀರ್ಮಾನ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಕಾರು ಮನೆ ಮುಂದೆ ನಿಂತಿತ್ತು. ಓಡದ ಕಾರಿನ ಕ್ಯಾಮೆರಾಗಳನ್ನೂ ಅವರು ದಿನಾ ಬೆಳಿಗ್ಗೆ ಒರೆಸಿದರು. ಮೈಕು ಆಫಾಗಿತ್ತು, ಆದರೂ ಎರಡು ಸಲ “ಭೀಮರಾಜ್, ಕಣಕಟ್ಟೆ” ಅಂದೆ ಎನ್ನುತ್ತಾರೆ. ರಸ್ತೆಯಲ್ಲಿ ಹೋಗುವವರು ನೋಡಿ ಹೋದರು. ಖಾಲಿ ಕಾರು ಯಾಕೆ ನಿಂತಿದೆ ಎಂದು ಯಾರೂ ಬಂದು ಕೇಳಲಿಲ್ಲ. ಅರವತ್ತು ಜನರನ್ನು ಹೊತ್ತು ತಿರುಗಿದವನ ಮನೆ ಬಾಗಿಲು ಇಷ್ಟು ಬಿಕೋ ಅನ್ನಬಾರದಿತ್ತು.

ಇಪ್ಪತ್ತನೆಯ ದಿನ ಎರಡು ಕಾಗದ ಬಂದವು. ಒಂದು, ನಿಯಮ ಮೀರಿ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದಕ್ಕೆ ಎಚ್ಚರಿಕೆ ಪತ್ರ. ಅದನ್ನು ಲೈಸೆನ್ಸಿನ ಜೊತೆ ಮಡಿಸಿಟ್ಟುಕೊಂಡಿದ್ದಾರೆ, ಬಹುಮಾನ ಬಂದವರ ಹಾಗೆ ತೆಗೆದು ತೋರಿಸುತ್ತಾರೆ. ಇನ್ನೊಂದು, ಇನ್ನೂರ ಹದಿನಾಲ್ಕನ್ನೂ ತೆಗೆದುಹಾಕಿದ್ದೇವೆ ಎಂಬ ತಿಳಿವಳಿಕೆ. ರಸ್ತೆಯನ್ನು ಬಿಡಲಿಲ್ಲ, ಗುರುತು ಬದಲಾಯಿತು: ‘ಒಕ್ಕಣೆ, ನಿಲ್ಲು. ಇಳಿದು ನೋಡು.’

ಹಾಗಾಗಿ ಈಗ ಕಣಕಟ್ಟೆ ರಸ್ತೆಯಲ್ಲಿ ಬಿಳಿ ಕಾರು ಹುರುಳಿ ಕಂಡಲ್ಲೆಲ್ಲ ತಾನಾಗಿ ನಿಲ್ಲುತ್ತದೆ. ಹಿಂದಿನ ಲಾರಿಯವನು ಹಾರನ್ ಬಾರಿಸುತ್ತಾನೆ. ಹೊಲದವರು “ಹತ್ತಿಸಪ್ಪೋ, ಯಾಕ್ ನಿಂತೆ!” ಎಂದು ಕೂಗುತ್ತಾರೆ. ಭೀಮರಾಜ್ ಇಳಿದು, ಗುಪ್ಪೆಯ ಸುತ್ತ ಒಂದು ಸುತ್ತು ಬಂದು, ಇದ್ದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿ, ಆಮೇಲೆ ತಾವೇ ಸ್ಟೀರಿಂಗ್ ಹಿಡಿದು ದಾಟಿಸುತ್ತಾರೆ. ದಿನಕ್ಕೆ ಐದಾರು ಗುಪ್ಪೆ, ಗುಪ್ಪೆಗೆ ಎರಡು ಮಾತು. ಮೊನ್ನೆ ರುದ್ರಮ್ಮ ಒಂದು ಸೇರು ಹುರುಳಿಯನ್ನು ಮುಂದಿನ ಸೀಟಿನ ಮೇಲೆ ಇಟ್ಟು, “ಇದಕ್ಕೂ ರೂಲ್ಸ್ ಐತೇನೋ?” ಅಂದರು. ಇಲ್ಲ ಎಂದು ಹೇಳಿ, ಬೇಲೂರಿನವರೆಗೂ ಅದಕ್ಕೆ ಬೆಲ್ಟ್ ಹಾಕಿಕೊಂಡು ಹೋದರು.

ಇದೆಲ್ಲ ಶಿವರಾತ್ರಿಯವರೆಗೆ ಮಾತ್ರ. ಒಕ್ಕಣೆ ಮುಗಿದರೆ ರಸ್ತೆ ಬರಿದು, ಕಾರು ನಿಲ್ಲುವುದಿಲ್ಲ, ಇಳಿಯಲು ನೆಪವಿಲ್ಲ. ಒಂದಲ್ಲ ಒಂದು ದಿನ ಈ ಸೀಟಿನಲ್ಲಿ ಕೂರುವವರೂ ಬೇಕಾಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಅದಕ್ಕಾಗಿ ತಾನೆ ಈ ಕೆಲಸ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಪಂಚೆಯ ತುಂಡನ್ನು ಮಡಿಸಿಡುತ್ತಾರೆ.

“ನಾನಿಲ್ದೆ ಇರೋ ಕಾಲ್ದಲ್ಲೂ ಅದು ಹುರುಳಿ ಮುಂದೆ ನಿಲ್ಬೇಕು. ಅಷ್ಟೇ,” ಅನ್ನುತ್ತಾರೆ ಭೀಮರಾಜ್. “ನಿಂತ್ರೆ ಹೊಲದಿಂದ ಯಾರಾದ್ರೂ ಬಂದು ಮಾತಾಡಿಸ್ತಾರೆ. ನನ್ ಸೀಟೂ ಖಾಲಿ ಐತೆ ಅಂತ ಆವಾಗ ಗೊತ್ತಾಯ್ತದೆ.”